ಒಂಬತ್ತು ಪಟ, ಒಂಬತ್ತು ಹೂವು

ಬೆಟಗೇರಿ, ಗದಗ
2 ಜೂನ್ 2025

ವಾಣಿಶ್ರೀ ಅಕ್ಕೋರಿಗೆ ಕಾಶವ್ವನ ಶರಣು.

ಅಮೇರಿಕೆಯಿಂದ ಬಂದು ಐದು ವಾರವಾಯಿತು, ಇವಳು ಒಂದು ಫೋನೂ ಮಾಡಲಿಲ್ಲ ಎಂದು ನೀವು ಬಯ್ದುಕೊಳ್ಳುತ್ತಿರಬಹುದು. ನನಗೆ ಕಿವಿ ಮಂದ ಎಂದು ನಮ್ಮಲ್ಲಿ ಫೋನಿನ ಸ್ಪೀಕರ್ ಹಾಕಿ ಅಂಗಡಿಯ ಕಟ್ಟೆಯ ಮೇಲೆ ಇಟ್ಟುಬಿಡುತ್ತಾರೆ. ಆಮೇಲೆ ನನಗಿಂತ ಹೂವು ಕೊಳ್ಳಲು ಬಂದವರೇ ಹೆಚ್ಚು ಮಾತಾಡುತ್ತಾರೆ. ಅದಕ್ಕೇ ಪತ್ರ. ಏಳನೆಯ ಇಯತ್ತೆ ಕಲಿತದ್ದು ಇದಕ್ಕಾದರೂ ಬರಲಿ. ತಪ್ಪಿದ್ದಲ್ಲಿ ತಿದ್ದಿಕೊಳ್ಳಿರಿ. ಮೂವತ್ತು ವರ್ಷ ಹಾಸನದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು, ಕೆಂಪು ಪೆನ್ನು ಹಿಡಿಯದೆ ಕೈ ಕಡಿಯುತ್ತಿರುತ್ತದೆ.

ಅಂಗಡಿಯಲ್ಲಿ ಮಗ ಕೂಡುತ್ತಾನೆ, ನಾನು ಮಾಲೆ ಕಟ್ಟುತ್ತೇನೆ. ಬೆರಳು ಸೇವಂತಿಗೆಯ ಮೇಲಿರುತ್ತದೆ, ಮನಸ್ಸು ಮಾತ್ರ ಕೆಲ್ಸೊ ಪಾರ್ಕಿನ ಆ ಗುಲಾಬಿ ಗಿಡದ ಹತ್ತಿರ. ನೂರು ವರ್ಷದ ಹಿಂದೆ ಪಾರ್ಕು ತೆರೆದಾಗ ಮೊದಲ ಮಾಲಿ ತನ್ನ ಕೈಯಾರೆ ಹಚ್ಚಿದ ಗಿಡ ಎಂದು ಪಾರ್ಕಿನ ಉಸ್ತುವಾರಿಯ ಡೊಲೊರೆಸ್ ಬಾಯಿ ಹೇಳಿದ್ದನ್ನು ನೀವೇ ನನಗೆ ಕನ್ನಡದಲ್ಲಿ ಹೇಳಿದ್ದಿರಿ. ಆರು ವರ್ಷದಿಂದ ಒಂದು ಹೂವೂ ಬಿಟ್ಟಿರಲಿಲ್ಲ. ಚಳಿಗಾಲದಲ್ಲಿ ಒಣಕಲು ಕಡ್ಡಿ ಕತ್ತರಿಸಿ, ಬುಡ ಸಡಿಲಿಸಿ, ಮಗುವಿನ ಹಾಗೆ ನೋಡಿಕೊಂಡೆ. ಏಪ್ರಿಲ್‌ನಲ್ಲಿ ಒಂಬತ್ತು ಮೊಗ್ಗು ಬಂದವು. ಅರಳಿದ ಮೇಲೆ ಫೋಟೊ ತೆಗೆದು ಶತಮಾನೋತ್ಸವದ ಪುಸ್ತಕದ ಮುಖಪುಟಕ್ಕೆ ಹಾಕುತ್ತೇವೆ, ಪಕ್ಕದಲ್ಲಿ ನೀವೂ ನಿಲ್ಲಬೇಕು ಎಂದು ಡೊಲೊರೆಸ್ ಬಾಯಿ ಅಂದಿದ್ದರು. ನಾನು ಮಗಳ ಇಳಕಲ್ ಸೀರೆಗೆ ಇಸ್ತ್ರಿ ಹಾಕಿಸಿ ಇಟ್ಟಿದ್ದೆ.

ಆಮೇಲೆ ಯಾರೋ ಒಂಬತ್ತನ್ನೂ ಹರಿದುಕೊಂಡು ಹೋದರಲ್ಲ, ಅವರು ಸಿಕ್ಕರೇ?

ಅದಾದ ಮರುವಾರದಿಂದ ನನಗೆ ಏಪ್ರನ್ ಕೊಡಲಿಲ್ಲ, ಕತ್ತರಿ ಕೊಡಲಿಲ್ಲ. ಡೊಲೊರೆಸ್ ಬಾಯಿ ಗಿಡದ ಸುತ್ತ ಕಟ್ಟಿದ ಹಗ್ಗದ ಆಚೆಯಿಂದ ಕೈ ಬೀಸಿದರು, ಒಳಗೆ ಕರೆಯಲಿಲ್ಲ. ಮಗಳು ಮಾಧುರಿಯೂ ನನ್ನ ಟಿಕೆಟ್ಟನ್ನು ಎರಡು ತಿಂಗಳು ಮುಂಚೆಗೆ ಬದಲಿಸಿದಳು. ಮಳೆಗಾಲ ಹಿಡಿಯುವ ಮೊದಲು ಊರು ಸೇರಲಿ ಎಂದಳು. ನಾನು ಗಿಡಕ್ಕೆ ಏನಾದರೂ ತಪ್ಪು ಮಾಡಿದೆನೇ? ಅವರನ್ನು ಒಂದು ಮಾತು ಕೇಳಿ ಬರೆಯಿರಿ. ತಪ್ಪು ಏನೆಂದು ತಿಳಿದರೆ ನೆಮ್ಮದಿಯಿಂದ ನಿದ್ದೆ ಮಾಡುತ್ತೇನೆ.

ನಿಮ್ಮ
ಕಾಶವ್ವ ಹೂಗಾರ


ಸನ್ನಿವೇಲ್
23 ಜೂನ್ 2025

ಪ್ರೀತಿಯ ಕಾಶವ್ವನವರಿಗೆ ವಾಣಿಶ್ರೀಯ ನಮಸ್ಕಾರ.

ನಿಮ್ಮ ಪತ್ರ ನೋಡಿ ಬಹಳ ಸಂತೋಷವಾಯಿತು. ತಪ್ಪು ಹುಡುಕಿದೆ, ಸಿಗಲಿಲ್ಲ. ನಿಮ್ಮ ಅಕ್ಷರ ನನ್ನ ಹತ್ತನೆಯ ತರಗತಿಯ ಮಕ್ಕಳಿಗಿಂತ ಎಷ್ಟೋ ವಾಸಿ.

ಇಲ್ಲಿ ಎಲ್ಲರೂ ಸೌಖ್ಯ. ಮಗ ಲೋಹಿತನಿಗೆ ಮೀಟಿಂಗುಗಳು ಮುಗಿಯುವುದಿಲ್ಲ, ಸೊಸೆ ರಂಜನಿಗೆ ಮಗುವಿನ ಡೇಕೇರಿಗೂ ಆಫೀಸಿಗೂ ಓಡುವುದೇ ಕೆಲಸ. ಪಾರ್ಕಿನಲ್ಲಿ ಮಾತ್ರ ಮದುವೆ ಮನೆಯ ಸಡಗರ. ಅಕ್ಟೋಬರ್ ಹನ್ನೊಂದಕ್ಕೆ ನೂರು ತುಂಬುತ್ತದೆ. ಬೆಂಚುಗಳಿಗೆ ಹೊಸ ಬಣ್ಣ ಬಿತ್ತು. ಇದೆಲ್ಲ ಏಪ್ರಿಕಾಟ್ ತೋಟವಾಗಿದ್ದ ಕಾಲದ ಹಳೆಯ ಫೋಟೊಗಳನ್ನು ಕಲೆ ಹಾಕುತ್ತಿದ್ದಾರೆ. ಸುತ್ತಲಿನ ಒಂದೊಂದು ಭಾಷೆಯವರೂ ಬಂದು ಪಾರ್ಕಿನ ಬಗ್ಗೆ ಎರಡು ನಿಮಿಷ ಮಾತಾಡಬೇಕಂತೆ. ನಮ್ಮ ವಾಕಿಂಗ್ ಗುಂಪಿನ ಪರವಾಗಿ ಮುನಿರಾಜು ಅವರು ನನ್ನ ಹೆಸರು ಕೊಟ್ಟುಬಿಟ್ಟಿದ್ದಾರೆ. ಇಂಗ್ಲಿಷ್ ಮೇಡಂ ಇರುವಾಗ ಬೇರೆಯವರು ಯಾಕೆ ಎಂದು ಅವರ ವಾದ.

ನೀವು ಕೇಳಿದ ವಿಷಯ. ಅದೇನೂ ಇಲ್ಲ, ಕಾಶವ್ವನವರೇ. ವಿಮೆಯ ನಿಯಮವಂತೆ. ಶತಮಾನೋತ್ಸವದ ವರ್ಷವಲ್ಲವೇ, ಅರವತ್ತೈದು ದಾಟಿದವರು ಕತ್ತರಿ, ಗುದ್ದಲಿ ಹಿಡಿಯಬಾರದಂತೆ. ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೆ ತಮ್ಮ ತಲೆಗೆ ಬರುತ್ತದೆಂದು ಅವರಿಗೆ ಹೆದರಿಕೆ. ನಿಮ್ಮದೇನೂ ತಪ್ಪಿಲ್ಲ. ಈ ವಿಷಯವನ್ನು ಮಾಧುರಿಯ ಹತ್ತಿರ ಎತ್ತಬೇಡಿ, ಪಾಪ, ಅವಳಿಗೆ ಕೆಲಸದ ಒತ್ತಡ ಹೆಚ್ಚು. ಹೂವು ಕಿತ್ತವರು ಸಿಗಲಿಲ್ಲ. ಈ ಊರಿನಲ್ಲಿ ಬೆಳಿಗ್ಗೆ ಎಷ್ಟೋ ಜನ ಓಡಾಡುತ್ತಾರೆ, ಯಾರೆಂದು ಹುಡುಕುವುದು? ಬಿಟ್ಟುಬಿಡಿ.

ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಗೆಳತಿ
ವಾಣಿಶ್ರೀ


ಬೆಟಗೇರಿ, ಗದಗ
3 ಆಗಸ್ಟ್ 2025

ಅಕ್ಕೋರೇ,

ಶ್ರಾವಣ. ಮಾಲೆ ಕಟ್ಟಿ ಕಟ್ಟಿ ಬೆರಳು ಊದಿವೆ. ಆದರೂ ಬರೆಯುತ್ತಿದ್ದೇನೆ.

ನಿಮ್ಮ ವಿಮೆಯ ಮಾತು ಓದಿ ಮೊದಲು ಸಮಾಧಾನವಾಯಿತು. ಆಮೇಲೆ ನೆನಪಾಯಿತು, ಡೊಲೊರೆಸ್ ಬಾಯಿಗೆ ಎಪ್ಪತ್ತೆರಡು ಅಲ್ಲವೇ? ಇರಲಿ, ಅವರದು ಅವರ ಊರು ಎಂದುಕೊಂಡು ಸುಮ್ಮನಾದೆ.

ಹೋದ ರವಿವಾರ ಮೊಮ್ಮಗಳು ಸ್ನೇಹಲ್ ವಿಡಿಯೊ ಕಾಲ್ ಮಾಡಿದ್ದಳು. ಅವಳಿಗೆ ನಮ್ಮ ಮಾತೆಲ್ಲ ತಿಳಿಯುತ್ತದೆ, ಬಾಯಿಗೆ ಬರುವುದು ಇಂಗ್ಲಿಷ್ ಮಾತ್ರ. ಪಾರ್ಕಿನ ನೂರು ವರ್ಷದ ಬಗ್ಗೆ ಏನೋ ಬರೆಯುತ್ತಿದ್ದೇನೆ ಎಂದಳಂತೆ. ನನಗೆ ಹಿಗ್ಗು. "ಆ ಗುಲಾಬಿ ಗಿಡದ್ದೂ ಬರಿಯವ್ವ, ನಿಮ್ಮಜ್ಜಿ ಜೋಪಾನ ಮಾಡಿದ ಗಿಡ ಅದು" ಎಂದೆ. ಮಗು ಏನೋ ಅಂದಿತು. ಮಾಧುರಿ ಗದರಿಸಿ ಫೋನು ಕಸಿದುಕೊಂಡಳು. ನನ್ನ ಸೊಸೆ ಬಿ.ಎ. ಕಲಿತವಳು, ಪಕ್ಕದಲ್ಲೇ ಇದ್ದಳು. ಹುಡುಗಿ ಏನಂದಳು ಎಂದು ಕೇಳಿದರೆ ಹೇಳಲು ಹಿಂದೆ ಮುಂದೆ ನೋಡಿದಳು. ಕೊನೆಗೆ ಹೇಳಿದಳು. "ಅಜ್ಜಿಯೇ ಆ ಹೂವು ಕದ್ದದ್ದು ಎಂದು ಅಮ್ಮ ಹೇಳಿದ್ದಾಳೆ. ಅಜ್ಜಿಯೇ ಒಪ್ಪಿಕೊಂಡು ಸಾರಿ ಕೇಳಿದಳಂತೆ" ಎಂದು.

ನಾವು ಹೂಗಾರರು, ಅಕ್ಕೋರೇ. ಮುತ್ತಜ್ಜನ ಕಾಲದಿಂದ ಊರ ಮಂದಿಯ ದೇವರಿಗೆ ಹೂವು ಕೊಟ್ಟ ಮನೆತನ. ಗಿಡದ ಮೇಲೆ ಒಂದಾದರೂ ಹೂವು ಬಿಡದೆ ಹರಿಯುವುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿಲ್ಲ. ಈ ವಯಸ್ಸಿನಲ್ಲಿ ನನ್ನ ಮೊಮ್ಮಗಳ ಬಾಯಲ್ಲಿ ನಾನು ಹೂವಿನ ಕಳ್ಳಿ ಆದೆ.

ಹೂವು ಹೋದ ಮರುದಿನ, ಆ ಶನಿವಾರ, ಡೊಲೊರೆಸ್ ಬಾಯಿ ನನ್ನನ್ನು ಕೇಳಿದ್ದು ನಿಮ್ಮ ಬಾಯಿಂದ. ನಾನು ಉತ್ತರ ಹೇಳಿದ್ದೂ ನಿಮ್ಮ ಬಾಯಿಂದ. "ನಾ ಹರದಿಲ್ರಿ. ಹೂಗಾರ ಮಂದಿ ಗಿಡ ಬೋಳು ಮಾಡಂಗಿಲ್ಲ. ಯಾರು ಹರದಾರೋ ಅವರನ್ನ ಹುಡಕ್ರಿ ಅನ್ರಿ" ಎಂದು ನಾನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ನೀವು ಅವರಿಗೆ ಏನು ಹೇಳಿದಿರಿ?

ಕಾಶವ್ವ


ಸನ್ನಿವೇಲ್
24 ಆಗಸ್ಟ್ 2025

ಕಾಶವ್ವನವರೇ,

ಹೂವು ಕಿತ್ತವಳು ನಾನು.

ಈ ಮೂರು ಪದ ಬರೆಯಲು ನಾಲ್ಕು ದಿನ ಹಿಡಿಯಿತು. ಎರಡು ಸಲ ಬರೆದು ಹರಿದೆ. ಒಂದರಲ್ಲಿ ನನ್ನ ತಲೆ ಸುತ್ತಿತ್ತು ಎಂದು ಬರೆದಿದ್ದೆ, ಇನ್ನೊಂದರಲ್ಲಿ ಕತ್ತಲಿತ್ತು, ಯಾವ ಗಿಡವೆಂದು ತಿಳಿಯಲಿಲ್ಲ ಎಂದು. ಎರಡೂ ಸುಳ್ಳು. ಬೆಳಗಾಗಿತ್ತು, ತಲೆ ನೆಟ್ಟಗಿತ್ತು, ಗಿಡ ಯಾವುದೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಏಪ್ರಿಲ್ ಹನ್ನೊಂದು, ಶುಕ್ರವಾರ. ಅಂದು ರಂಜನಿಯ ತಂದೆ ತಾಯಿ ಪ್ಲೆಸೆಂಟನ್‌ನಿಂದ ಊಟಕ್ಕೆ ಬರುವವರಿದ್ದರು. ಅವರ ಮನೆಯ ದೇವರ ಕೋಣೆ ನೀವು ನೋಡಿಲ್ಲ, ಬೆಳ್ಳಿಯಲ್ಲಿ ಮುಳುಗಿದೆ. ನಮ್ಮದು ಅಡುಗೆಮನೆಯ ಒಂದು ಕಪಾಟು. ಅದರಲ್ಲಿ ಒಂಬತ್ತು ಪಟ. ಗ್ರೋಸರಿಯಿಂದ ತಂದ ಹೂವು ಪ್ಲಾಸ್ಟಿಕ್ಕಿನೊಳಗೇ ಬಾಡಿತ್ತು. ಎಂದಿನಂತೆ ವಾಕಿಂಗಿಗೆ ಹೊರಟಾಗ ಜೇಬಿನಲ್ಲಿ ಒಂದು ಕವರು ಇಟ್ಟುಕೊಂಡೆ. ಅದೂ ಎಂದಿನಂತೆಯೇ. ಹಾಸನದಲ್ಲಿ ಬೆಳಿಗ್ಗೆ ಅಕ್ಕಪಕ್ಕದವರ ಕಾಂಪೌಂಡಿನಿಂದ ದಾಸವಾಳ, ಕಣಗಿಲೆ ಬಿಡಿಸಿ ಅಭ್ಯಾಸ. ದೇವರಿಗೆಂದು ಬಿಡಿಸಿದರೆ ಅದು ಕಳ್ಳತನವಲ್ಲ ಎಂದು ನಮ್ಮ ಬೀದಿಗೆ ಬೀದಿಯೇ ನಂಬಿತ್ತು. ಇಲ್ಲಿಗೆ ಬಂದ ಮೇಲೂ ಆ ಕೈ ಸುಮ್ಮನಿರಲಿಲ್ಲ. ನಿಮಗೆ ಗೊತ್ತಿಲ್ಲದಂತೆ ನಿಮ್ಮ ಎದುರೇ ಪಾರ್ಕಿನ ಬೇಲಿಯಿಂದ ಎಷ್ಟೋ ಸಲ ಒಂದೆರಡು ಹೂವು ಜೇಬಿಗೆ ಇಳಿಸಿದ್ದೇನೆ.

ಆ ಗಿಡದ ಮೊಗ್ಗು ಅರ್ಧ ಬಿರಿದಿದ್ದವು. ಆ ಪರಿಮಳ ಮೂಗಿಗೆ ಬಿದ್ದಾಗ ಎರಡು ತೆಗೆದುಕೊಳ್ಳೋಣ, ಲಕ್ಷ್ಮಿಗೊಂದು, ರಾಘವೇಂದ್ರ ಸ್ವಾಮಿಗೊಂದು ಎಂದುಕೊಂಡೆ. ಕಿತ್ತ ಮೇಲೆ ಉಳಿದ ಏಳು ಪಟಗಳು ನೆನಪಾದವು. ಒಂದು ಪಟಕ್ಕೆ ಇಟ್ಟು ಪಕ್ಕದ ಪಟಕ್ಕೆ ಇಡದಿರುವುದು ಹೇಗೆ? ನಗಬೇಡಿ. ಆ ಕ್ಷಣ ನನಗೆ ನಿಜವಾಗಿಯೂ ಅದೇ ದೊಡ್ಡ ಧರ್ಮಸಂಕಟವಾಗಿ ಕಂಡಿತು. ಒಂಬತ್ತು ಪಟ, ಒಂಬತ್ತು ಮೊಗ್ಗು. ದೇವರೇ ಎಣಿಸಿ ಇಟ್ಟಿದ್ದಾನೆ ಎಂದುಕೊಂಡೆ. ಹಗ್ಗ ದಾಟಿ ಒಳಗೆ ಹೋಗಿ ಎಲ್ಲವನ್ನೂ ಕಿತ್ತೆ.

ಮಧ್ಯಾಹ್ನ ಬೀಗಿತ್ತಿ ಕಪಾಟಿನ ಮುಂದೆ ನಿಂತು "ಏನ್ ಘಮ ರೀ, ಎಲ್ಲಿಂದ ತಂದ್ರಿ?" ಎಂದು ಕೇಳಿದರು. ಫಾರ್ಮರ್ಸ್ ಮಾರ್ಕೆಟ್ ಎಂದೆ. ಅವರು ಆ ಹೂವನ್ನು ಮೆಚ್ಚಿಕೊಂಡದ್ದು ನನಗೆ ದೇವರು ಮೆಚ್ಚಿದ್ದಕ್ಕಿಂತ ಹೆಚ್ಚಾಗಿತ್ತು. ಅಲ್ಲಿಗೆ ಅದು ದೇವರಿಗೆ ಕಿತ್ತ ಹೂವೂ ಆಗಿರಲಿಲ್ಲ.

ಮರುದಿನ ಡೊಲೊರೆಸ್ ನಮ್ಮನ್ನು ಕರೆದರು. ಅವರು ಬಯ್ಯಲಿಲ್ಲ. ಬೈದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ನಿಮ್ಮ ಕಡೆ ನೋಡಿ ಮೆಲ್ಲಗೆ ಹೇಳಿದರು, ಇವರು ಬಿದ್ದ ಪಕಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವುದನ್ನು ನೋಡಿದ್ದೇನೆ, ಹಗ್ಗದ ಒಳಗೆ ಬರುವವರೂ ಇವರೇ, ದೇವರ ಪೂಜೆಗೆ ಬೇಕಾಗಿತ್ತೇನೋ ಕೇಳಿ, ನಿಜ ಹೇಳಿದರೆ ಸಾಕು ಎಂದು. ನಾನು ಕೇಳಿದೆ. ನೀವು ಹೇಳಿದಿರಿ. ನಿಮ್ಮ ಒಂದೊಂದು ಮಾತೂ ನನಗೂ ನೆನಪಿದೆ. ಯಾರು ಹರಿದಿದ್ದಾರೋ ಅವರನ್ನು ಹುಡುಕಿ ಎಂದು ನೀವು ಅಂದಾಗ ನನಗೆ ನನ್ನದೇ ಚಿಂತೆಯಾಯಿತು. ಹುಡುಕಿದರೆ ಸಿಕ್ಕಿಬೀಳುತ್ತೇನೆ. ಲೋಹಿತನಿಗೆ ಗೊತ್ತಾಗುತ್ತದೆ, ಬೀಗರಿಗೆ ಗೊತ್ತಾಗುತ್ತದೆ, ಮುನಿರಾಜು ಮೇಡಂ ಎನ್ನುವುದನ್ನು ಬಿಡುತ್ತಾರೆ.

ನಾನು ಡೊಲೊರೆಸ್‌ಗೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು. "ಕ್ಷಮಿಸಿ ಅನ್ನುತ್ತಿದ್ದಾರೆ. ದೇವರಿಗೆಂದು ತೆಗೆದುಕೊಂಡರಂತೆ. ತಪ್ಪೆಂದು ತಿಳಿದಿರಲಿಲ್ಲವಂತೆ."

ನಿಮಗೆ ಕನ್ನಡದಲ್ಲಿ ಹೇಳಿದ್ದು, "ನಿಮ್ಮ ಮೇಲೆ ನಂಬಿಕೆ ಇದೆಯಂತೆ."

ನೀವು ಆಗ ಅವರ ಕೈ ಹಿಡಿದುಕೊಂಡು ಕಣ್ಣು ತುಂಬಿಕೊಂಡಿರಿ. ಅವರು ನೀವು ಕ್ಷಮೆ ಕೇಳುತ್ತಿದ್ದೀರಿ ಎಂದುಕೊಂಡು ಬೆನ್ನು ತಟ್ಟಿದರು. ಇಬ್ಬರ ನಡುವೆ ನಾನು ನಿಂತಿದ್ದೆ. ಆ ನಿಂತದ್ದು ನೆನಪಾದರೆ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ.

ಸ್ವಯಂಸೇವಕರ ಅರ್ಜಿಯಲ್ಲಿ ಮಾಧುರಿಯ ವಿಳಾಸವಿತ್ತು, ಅವಳಿಗೆ ಪಾರ್ಕಿನವರು ಬರೆದರು. ಅವಳು ನನ್ನ ಹತ್ತಿರ ಓಡಿ ಬಂದಾಗಲೂ ನಾನು "ವಯಸ್ಸಾದವರು, ಬಿಡಮ್ಮ" ಎಂದೆ. ಅವಳು ನನ್ನ ಕೈ ಹಿಡಿದು ಹೇಳಿದಳು, "ಥ್ಯಾಂಕ್ಸ್ ಆಂಟಿ, ನೀವಿದ್ದಿದ್ದಕ್ಕ ಮಾನ ಉಳೀತು." ನಾನು ಆ ಥ್ಯಾಂಕ್ಸನ್ನೂ ಇಟ್ಟುಕೊಂಡೆ. ವಿಮೆಯ ಕಥೆ ನಾನೇ ಕಟ್ಟಿದ್ದು.

ಕ್ಷಮಿಸಿ ಎಂದು ಕೇಳಲು ನನಗೆ ಮುಖವಿಲ್ಲ. ನಾಚಿಕೆಯಾಗುತ್ತಿದೆ. ಅಷ್ಟೇ ಬರೆಯಬಲ್ಲೆ.

ವಾಣಿಶ್ರೀ


ಸನ್ನಿವೇಲ್
12 ಅಕ್ಟೋಬರ್ 2025

ಕಾಶವ್ವನವರೇ,

ನಿಮ್ಮಿಂದ ಉತ್ತರ ಬರಲಿಲ್ಲ. ಬರಲಿ ಎಂದು ಕೇಳುವ ಹಕ್ಕೂ ನನಗಿಲ್ಲ. ನಿನ್ನೆ ನಡೆದದ್ದನ್ನು ನಿಮಗೆ ತಿಳಿಸಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ಪಾರ್ಕಿಗೆ ನೂರು ತುಂಬಿತು. ಬಿಳಿ ಡೇರೆಗಳು, ಬ್ಯಾಂಡು, ಮೇಯರು, ಮಕ್ಕಳ ಮುಖಕ್ಕೆಲ್ಲ ಚಿಟ್ಟೆಯ ಬಣ್ಣ. ತೊಂಬತ್ತಾರು ವರ್ಷದ ಒಬ್ಬ ಮುದುಕರನ್ನು ಗಾಲಿ ಕುರ್ಚಿಯಲ್ಲಿ ಕರೆತಂದಿದ್ದರು. ಬಾಲ್ಯದಲ್ಲಿ ಈ ಪಾರ್ಕಿನ ಸುತ್ತಲಿದ್ದ ತೋಟಗಳಲ್ಲಿ ಏಪ್ರಿಕಾಟ್ ಆರಿಸುತ್ತಿದ್ದರಂತೆ. ಪುಸ್ತಕ ಹಂಚಿದರು. ಮುಖಪುಟದಲ್ಲಿ ಗುಲಾಬಿ ಗಿಡದ ಕಪ್ಪು ಬಿಳುಪು ಹಳೆಯ ಫೋಟೊ. ಒಳಗೆ ಸ್ವಯಂಸೇವಕರ ಹೆಸರಿನ ಪಟ್ಟಿ ಇತ್ತು. ನಿಮ್ಮ ಹೆಸರಿರಲಿಲ್ಲ.

ನನ್ನ ಸರದಿ ಬಂದಾಗ ಕೈಯಲ್ಲಿ ಬರೆದಿಟ್ಟುಕೊಂಡ ಭಾಷಣವಿತ್ತು. ಉದ್ಯಾನವು ನಾನಾ ಸಂಸ್ಕೃತಿಗಳನ್ನು ಹೇಗೆ ಒಂದುಗೂಡಿಸುತ್ತದೆ ಎಂದು. ಅದನ್ನು ಮಡಿಸಿ, ನಿಮಗೆ ಬರೆದದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಒಂಬತ್ತು ಪಟದಿಂದ ಹಿಡಿದು ನಿಮ್ಮ ಮಾತನ್ನು ನಾನು ತಿರುಚಿದ್ದರವರೆಗೆ. ಕಾಶವ್ವ ಹೂಗಾರ ಎಂಬ ನಿಮ್ಮ ಹೆಸರನ್ನು ಎರಡು ಸಲ, ಬಿಡಿಸಿ ಬಿಡಿಸಿ ಹೇಳಿದೆ. ಕಲ್ಲು ಬೀಳಲಿ ಎಂದು ಕಾಯುತ್ತಿದ್ದೆ.

ಅವರು ಚಪ್ಪಾಳೆ ತಟ್ಟಿದರು, ಕಾಶವ್ವನವರೇ. ಐನೂರು ಜನ. ಕೆಲವರು ಎದ್ದು ನಿಂತು ತಟ್ಟಿದರು. ಇಳಿದು ಬಂದರೆ ಗುರುತಿಲ್ಲದ ಹೆಂಗಸೊಬ್ಬಳು ನನ್ನನ್ನು ಅಪ್ಪಿಕೊಂಡು, ಎಂಥ ಧೈರ್ಯ, ಎಷ್ಟು ಸುಂದರವಾದ ಕಥೆ ಎಂದಳು. ನನ್ನ ಹೇಸಿಗೆ ಅವರಿಗೆ ಒಂದು ಒಳ್ಳೆಯ ಭಾಷಣವಾಯಿತು. ಹುಟ್ಟಿದಾಗಿನಿಂದ ಯಾವ ಬೈಗುಳಕ್ಕೂ ನಾನು ಇಷ್ಟು ಕುಗ್ಗಿರಲಿಲ್ಲ.

ನಮ್ಮವರು ತಟ್ಟಲಿಲ್ಲ. ಮುನಿರಾಜು ಡೇರೆಯ ಹಿಂದೆ ಹಿಡಿದು ನಿಲ್ಲಿಸಿದರು. "ಏನ್ ಮೇಡಂ ಇದು? ಎಲ್ಲರ ಮುಂದೆ ಮೈಕಲ್ಲಿ ಹೇಳೋ ವಿಷಯಾನಾ? ಇನ್ಮೇಲೆ ನಾವು ವಾಕಿಂಗ್ ಬಂದ್ರೆ ನಮ್ ಜೇಬೇ ನೋಡ್ತಾರೆ ಅಷ್ಟೆ." ಲೋಹಿತ ನನ್ನನ್ನು ಕಾರಿನಲ್ಲಿ ಮನೆಗೆ ಕರೆತಂದ. ಕಾರು ನಿಲ್ಲಿಸಿದ ಮೇಲೆ "ಅಮ್ಮ, ಆ ಆಂಟೀನ ಏರ್‌ಪೋರ್ಟಿಗೆ ಬಿಡೋಕೆ ನೀನೂ ಹೋಗಿದ್ದೆ ಅಲ್ವಾ?" ಎಂದ. ಹೌದು ಎಂದೆ. ಅವನು ಇಳಿದು ಒಳಗೆ ಹೋದ.

ಡೊಲೊರೆಸ್ ಕೂಡ ತಟ್ಟಲಿಲ್ಲ. ಕೊನೆಗೆ ಕುರ್ಚಿ ಮಡಿಸುತ್ತಿದ್ದವರ ಹತ್ತಿರ ನಾನೇ ಹೋದೆ. ನಿಮ್ಮ ವಿಳಾಸ ಕೇಳಿದರು, ಪತ್ರ ಬರೆಯಬೇಕು ಎಂದರು. ಕನ್ನಡಕ್ಕೆ ನಾನು ಮಾಡಿಕೊಡಲೇ ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. ಅವರು ನನ್ನನ್ನು ಒಂದು ಕ್ಷಣ ನೋಡಿ, "ಬೇಡ, ಬೇರೆ ಯಾರನ್ನಾದರೂ ಹುಡುಕುತ್ತೇನೆ" ಎಂದರು.

ಎಲ್ಲರ ಎದುರು ಹೇಳಿದ್ದೇನೆ. ಇನ್ನೇನು ಮಾಡಬೇಕೋ ತಿಳಿಯುತ್ತಿಲ್ಲ.

ವಾಣಿಶ್ರೀ


ಬೆಟಗೇರಿ, ಗದಗ
9 ನವೆಂಬರ್ 2025

ಅಕ್ಕೋರೇ,

ನಿಮ್ಮ ಆಗಸ್ಟಿನ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಬರೆಯಲು ಕೂತರೆ ಬರೀ ಬೈಗುಳ ಬರುತ್ತಿತ್ತು. ಬೈಗುಳ ಬರೆಯಲು ಅಂಚೆ ಚೀಟಿ ಯಾಕೆ ಹಾಳು ಮಾಡುವುದು ಎಂದು ಬಿಟ್ಟೆ. ಈಗ ಎರಡನೆಯದೂ ಬಂತು.

ಐನೂರು ಮಂದಿಗೆ ಹೇಳಿದಿರಿ. ಅವರು ನನಗೆ ಏನಾಗಬೇಕು? ಅವರಲ್ಲಿ ಒಬ್ಬರಾದರೂ ನನ್ನ ಮುಖ ನೋಡಿದ್ದಾರೆಯೇ? ನಾನು ಕಳ್ಳಿ ಎಂದು ಅವರಿಗೆ ಮೊದಲು ಗೊತ್ತೂ ಇರಲಿಲ್ಲ. ಅಲ್ಲ ಎಂದು ಈಗ ತಿಳಿದು ಅವರಿಗೇನು, ನನಗೇನು?

ಮಾಧುರಿಗೆ ಹೇಳಿದಿರೇ?

ಎರಡು ಪತ್ರದಲ್ಲೂ ಹುಡುಕಿದೆ. ಹೇಳಿದೆ ಎಂದು ಎಲ್ಲಿಯೂ ಇಲ್ಲ. ಅವಳು ಆ ಜಾತ್ರೆಗೆ ಬಂದಿರಲಾರಳು, ಏಪ್ರಿಲ್‌ನಿಂದ ಅವಳು ಆ ಪಾರ್ಕಿನ ದಾರಿಯನ್ನೇ ಬಿಟ್ಟಿದ್ದಾಳೆ ಎಂದು ಸ್ನೇಹಲ್ ಹೇಳುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನಿಂದ ಅವಳ ಬಾಗಿಲಿಗೆ ಎಷ್ಟು ಹೆಜ್ಜೆ, ಅಕ್ಕೋರೇ? ನಾನು ದಿನಾ ನಿಮ್ಮಲ್ಲಿಗೆ ಚಹಾ ಕುಡಿಯಲು ನಡೆದು ಬರುತ್ತಿದ್ದೆ. ನಡುವೆ ಇರುವುದು ಒಂದು ಈಜುಕೊಳ.

ನಾನೇ ಹೇಳಬಹುದಿತ್ತು. ನಿಮ್ಮ ಪತ್ರದ ಫೋಟೊ ತೆಗೆದು ಕಳಿಸೋಣ ಎಂದು ಸೊಸೆ ಅಂದಳು. ಬೇಡ ಎಂದೆ. ಹೆತ್ತ ಮಗಳ ಮುಂದೆ ಸಾಕ್ಷಿ ಹಿಡಿದುಕೊಂಡು ನಿಲ್ಲುವಷ್ಟು ನಾನು ಇನ್ನೂ ಬಿದ್ದಿಲ್ಲ.

ಒಂದು ವಿಷಯ ನಿಮಗೂ ತಿಳಿದಿರಲಿ. ನೀವು ನನ್ನನ್ನು ಬಿಡಲು ಬಂದ ದಿನ, ಬೆಳಿಗ್ಗೆ, ಮಾಧುರಿ ನನ್ನ ಚೀಲವನ್ನು ಬಿಚ್ಚಿ ಒಂದೊಂದೇ ಸೀರೆ ಝಾಡಿಸಿ ನೋಡಿದಳು. ತೂಕ ಹೆಚ್ಚಾಗಬಾರದು ಎಂದಳು. ನಾನು ಪಕ್ಕದಲ್ಲಿ ಕೂತು, ಮಗಳು ಎಷ್ಟು ಕಾಳಜಿ ಮಾಡುತ್ತಾಳೆ ಎಂದು ಖುಷಿಪಟ್ಟೆ. ಅವಳು ಹುಡುಕುತ್ತಿದ್ದದ್ದು ಏನೆಂದು ಆಗಸ್ಟಿನಲ್ಲಿ ತಿಳಿಯಿತು.

ಕಾಶವ್ವ


ಸನ್ನಿವೇಲ್
30 ನವೆಂಬರ್ 2025

ಕಾಶವ್ವನವರೇ,

ನಿನ್ನೆ ಸಂಜೆ ಮಾಧುರಿಯ ಮನೆಗೆ ಹೋಗಿದ್ದೆ. ಅಂದು ಮೈಕಿನ ಮುಂದೆ ಹೋಗಿ ನಿಂತಿದ್ದೆ. ಈ ಸಲ ಕಾಲೇ ಬರಲಿಲ್ಲ. ಈಜುಕೊಳದ ಪಕ್ಕ ಎರಡು ಸಲ ಸುತ್ತಿದೆ. ಬಾಗಿಲು ತೆರೆದ ನಿಮ್ಮ ಅಳಿಯ ಕೇದಾರ "ಬರ್ರಿ ಆಂಟಿ, ಬಾಳ ದಿನ ಆತು" ಎಂದ. ಸ್ನೇಹಲ್ ಟೀವಿ ನೋಡುತ್ತಿದ್ದಳು. ಮಾಧುರಿ ರೊಟ್ಟಿ ಬಡಿಯುತ್ತಿದ್ದಳು, ಕೈಯೆಲ್ಲ ಹಿಟ್ಟು. ಕೂರಿ ಎಂದಳು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಕನ್ನಡದಲ್ಲಿ ಹೇಳುವುದು ಇಂಗ್ಲಿಷಿನಲ್ಲಿ ಹೇಳಿದಷ್ಟು ಸುಲಭವಾಗಿರಲಿಲ್ಲ.

ಕೇದಾರ ಟೀವಿ ಆರಿಸಿದ. "ಸೋ, ಅಜ್ಜಿ ತಗೊಂಡೇ ಇಲ್ಲ?" ಎಂದಳು ಸ್ನೇಹಲ್. ಮೊದಲ ಪದವೊಂದೇ ಇಂಗ್ಲಿಷು, ಉಳಿದದ್ದು ಕನ್ನಡ. ಇಲ್ಲಮ್ಮ, ನಾನು ತಗೊಂಡಿದ್ದು ಎಂದೆ. ಆ ಮಗು ನನ್ನನ್ನು ನೋಡಿದ್ದನ್ನು ನಾನು ಬರೆಯಲಾರೆ.

ಮಾಧುರಿ ನನ್ನ ಮೇಲೆ ಹರಿಹಾಯಲಿಲ್ಲ. ಹಿಟ್ಟಿನ ಕೈಯನ್ನೇ ನೋಡಿಕೊಳ್ಳುತ್ತ, "ನೀವು ಹೇಳಿದ್ರಿ, ನಾ ನಂಬಿದೆ. ಅವ್ವನ್ನ ಒಂದ್ ಮಾತು ಕೇಳಲಿಲ್ಲಲ್ಲ ನಾನು. ಬಾಜೂ ಖೋಲಿಯೊಳಗ ಇದ್ಳು. ಕೇಳಲಿಲ್ಲ" ಎಂದಳು. ಇದನ್ನೇ ಮೂರು ಸಲ ಹೇಳಿದಳು. ಆಮೇಲೆ ಕೈಯನ್ನೂ ತೊಳೆಯದೆ ಫೋನು ಎತ್ತಿಕೊಂಡಳು.

ಆ ಫೋನು ನಿಮಗೆ ಬಂದದ್ದು ಅಲ್ಲಿ ಬೆಳಗಿನ ವ್ಯಾಪಾರದ ಹೊತ್ತಿಗೆ. ನಿಮ್ಮ ಅಂಗಡಿಯ ಗದ್ದಲವೆಲ್ಲ ನಮಗೆ ಕೇಳಿಸಿತು. ಆ ಕಡೆ ನಿಮಗೆ ಕೇಳಿಸಿದ್ದು ಒಂದೇ ಪ್ರಶ್ನೆ. "ಅವ್ವಾ, ಪಾರ್ಕಿನ ಆ ಹೂವು ನೀ ಹರದಿದ್ದೇನು?"

ಅವಳಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೂ ಕೇಳಿದಳು. "ಇಲ್ಲವ್ವ" ಎಂದು ನೀವು ಹೇಳಿದಿರಿ. ಯಾರೋ ನಿಮ್ಮಲ್ಲಿ ಮೊಳ ಮಲ್ಲಿಗೆ ಕೇಳುತ್ತಿದ್ದರು. ಆಮೇಲೆ ನೀವು "ಉಂಡ್ಯೇನ?" ಎಂದಿರಿ.

ಈ ಕಡೆ ಏನಾಯಿತೆಂದು ನಿಮಗೆ ಕಾಣಿಸಿರಲಾರದು. ನಿಮ್ಮ ಮಗಳು ಒಲೆಯ ಮುಂದೆ ನೆಲಕ್ಕೆ ಕುಸಿದು ಕೂತಳು. ಫೋನನ್ನು ಎದೆಗೆ ಒತ್ತಿಕೊಂಡು, ನಿಮಗೆ ಕೇಳಿಸಬಾರದೆಂದು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಸ್ನೇಹಲ್ ಹೋಗಿ ಅವಳ ಬೆನ್ನಿಗೆ ಒರಗಿತು. ಹಂಚಿನ ಮೇಲೆ ರೊಟ್ಟಿ ಸೀದು ಹೋಗಿತ್ತು. ನಾನು ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಯಾರೂ ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಬಾಗಿಲನ್ನು ನಾನೇ ಎಳೆದುಕೊಂಡೆ.

ಇದನ್ನು ಏಪ್ರಿಲ್‌ನಲ್ಲೇ ಮಾಡಬಹುದಿತ್ತು. ಒಂದು ವಾಕ್ಯ ಸಾಕಿತ್ತು.

ವಾಣಿಶ್ರೀ


ಬೆಟಗೇರಿ, ಗದಗ
28 ಡಿಸೆಂಬರ್ 2025

ಅಕ್ಕೋರಿಗೆ,

ಪತ್ರ ಮುಟ್ಟಿತು. ಮಗಳು ಕೇಳಿದಳು, ನಾನು ಇಲ್ಲ ಎಂದೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಈಗ ಅವಳು ದಿನಾ ಫೋನು ಮಾಡುತ್ತಾಳೆ, ಏನು ಮಾತಾಡಬೇಕೋ ಇಬ್ಬರಿಗೂ ತಿಳಿಯುವುದಿಲ್ಲ, ಆದರೂ ಮಾಡುತ್ತಾಳೆ.

ಡೊಲೊರೆಸ್ ಬಾಯಿಯ ಪತ್ರವೂ ಬಂತು. ಬರ್ಕ್ಲಿಯಲ್ಲಿ ಓದುವ ನಿಸರ್ಗಾ ಎಂಬ ಹುಡುಗಿ ಕನ್ನಡಕ್ಕೆ ಮಾಡಿದ್ದಾಳೆ. ಅಕ್ಷರ ಸೊಟ್ಟ, ಮಾತು ನೆಟ್ಟಗಿದೆ. ಹೆಸರು ಕೈಬಿಟ್ಟದ್ದಕ್ಕೆ, ಒಬ್ಬರ ಮಾತನ್ನೇ ನಂಬಿದ್ದಕ್ಕೆ ತಪ್ಪಾಯಿತು ಎಂದು ಬರೆದಿದ್ದಾರೆ. ಏಪ್ರಿಲ್‌ಗೆ ಬನ್ನಿ ಎಂದಿದ್ದಾರೆ. ಮಾಧುರಿ ಟಿಕೆಟ್ ನೋಡುತ್ತಿದ್ದಾಳೆ. ಬಂದರೆ ಪಾರ್ಕಿನಲ್ಲಿ ನೀವು ಎದುರಾಗುತ್ತೀರಿ. ಆಗ ನಿಮ್ಮನ್ನು ಮಾತಾಡಿಸಬೇಕೋ ಬೇಡವೋ ನನಗಿನ್ನೂ ಗೊತ್ತಿಲ್ಲ.

ಅಲ್ಲಿಯವರೆಗೆ ನೀವು ಪತ್ರ ಬರೆಯಬೇಡಿರಿ. ನೀವು ಬರೆದರೆ ನಾನು ಓದುತ್ತೇನೆ. ಓದಿದರೆ ಸಿಟ್ಟು ಇಳಿಯುತ್ತದೆ. ಈ ಸಿಟ್ಟು ನನಗೆ ಇನ್ನೂ ಸ್ವಲ್ಪ ದಿನ ಬೇಕು.

ಕಾಶವ್ವ ಹೂಗಾರ